ಎರಡು ಪಿಎಫ್ ಜಗಳ, ಒಂದೇ ಬೇಸಿಗೆ

ಪ್ರೀತಿಯ ತಮ್ಮ,

ನಿನ್ನ ಲೇಖನ ಓದಿದೆ. ಎರಡು ಸಲ ಓದಿದೆ. ಆಶಾ ಕಾರ್ಯಕರ್ತೆಯರು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಾಲ್ಕು ದಿನ ಚಳಿಯಲ್ಲಿ ಧರಣಿ ಕೂತಿದ್ದರ ಬಗ್ಗೆ ಬರೆದಿದ್ದೀಯ. ತಿಂಗಳಿಗೆ 15,000 ಕೇಳಿದರು, ಮುಖ್ಯಮಂತ್ರಿಗಳಿಂದ 10,000ದ ಭರವಸೆ ಸಿಕ್ಕಿತು, ಎದ್ದು ಊರಿಗೆ ಹೋದರು. ಅಲ್ಲಿಯವರೆಗೂ ಸರಿ. ಆದರೆ ಎರಡನೇ ಪುಟದಲ್ಲಿ "ಕೆಲವರು ಇದನ್ನು ಬೆಂಬಲಿಸುತ್ತಾರೆ, ಇನ್ನು ಕೆಲವರು ವಿರೋಧಿಸುತ್ತಾರೆ" ಅಂತ ಒಂದು ಸಾಲು ಇದೆಯಲ್ಲ, ಅಲ್ಲೇ ನಿಂತುಬಿಟ್ಟೆ. ಯಾರಪ್ಪ ಈ ಕೆಲವರು? ಅವರು ಹೊಟ್ಟೆಪಾಡಿಗೆ ಏನು ಮಾಡುತ್ತಾರೆ? ಅವತ್ತು ಅವರು ಎಲ್ಲಿದ್ದರು?

ಬೈಯುತ್ತಿಲ್ಲ. ಇದೇ ಸಾಲನ್ನು ನಾನೂ ಬರೆದಿದ್ದೆ, 2016ರಲ್ಲಿ. ಆ ಕಥೆ ಹೇಳುತ್ತೇನೆ, ಕೇಳು.

ಆ ವರ್ಷ ಏಪ್ರಿಲ್ 18 ಮತ್ತು 19, ಎರಡು ದಿನ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗೆ ಬಂದರು. ಮೊದಲ ದಿನ ಹೊಸೂರು ರಸ್ತೆ ನಿಂತುಹೋಯಿತು. ಮರುದಿನ ತುಮಕೂರು ರಸ್ತೆ ಕಡೆಗೂ ಹಬ್ಬಿತು. ಜಾಲಹಳ್ಳಿ ಕ್ರಾಸ್ ಹತ್ತಿರ ಬಸ್ಸುಗಳಿಗೆ ಬೆಂಕಿ ಬಿತ್ತು, ಹೆಬ್ಬಗೋಡಿ ಪೊಲೀಸ್ ಠಾಣೆಯ ಮುಂದೆ ವಾಹನಗಳು ಉರಿದವು. ಲಾಠಿ, ಅಶ್ರುವಾಯು ಎಲ್ಲ ಆಯಿತು. ವಿಚಿತ್ರ ಅಂದರೆ, ಇದನ್ನು ಕರೆದ ನಾಯಕರು ಯಾರೂ ಇರಲಿಲ್ಲ. ಯೂನಿಯನ್‌ನವರೇ ಕಕ್ಕಾಬಿಕ್ಕಿಯಾಗಿದ್ದರು.

ಕಾರಣ ಪಿಎಫ್, ಅಂದರೆ ತಿಂಗಳು ತಿಂಗಳು ಸಂಬಳದಿಂದ ಹಿಡಿದಿಡುವ ಭವಿಷ್ಯ ನಿಧಿ. ಅದೇ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತ್ತು. ಕೆಲಸ ಬಿಟ್ಟರೆ ನಿನ್ನ ಪಾಲು ಮತ್ತು ಅದರ ಬಡ್ಡಿ ಮಾತ್ರ ಸಿಗುತ್ತದೆ, ಮಾಲೀಕರು ಕಟ್ಟಿದ ಪಾಲು 58 ವರ್ಷ ತುಂಬಿದ ಮೇಲೆ, ಅಂತ. ನಿನ್ನಂಥವನಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಲೆಕ್ಕ ಹಾಕೋಣ ಬಾ. ಪಿಎಫ್‌ಗೆ ಕೆಲಸಗಾರರ ಸಂಬಳದಿಂದ 12 ಪರ್ಸೆಂಟ್ ಹೋಗುತ್ತದೆ. ಮಾಲೀಕರೂ 12 ಕಟ್ಟುತ್ತಾರೆ, ಆದರೆ ಅದರಲ್ಲಿ 8.33 ಪಿಂಚಣಿಗೆ ಹೋಗಿ ಪಿಎಫ್ ಖಾತೆಗೆ ಬೀಳುವುದು 3.67 ಮಾತ್ರ. ಸಂಬಳ 7,000 ಅಂತ ಇಟ್ಟುಕೊ. ತಿಂಗಳಿಗೆ 257 ರೂಪಾಯಿ. ಐದು ವರ್ಷಕ್ಕೆ, ಬಡ್ಡಿ ಬಿಟ್ಟು, 15,400 ಚಿಲ್ಲರೆ. ಇಷ್ಟಕ್ಕಾ ಊರು ಹತ್ತಿ ಉರಿದದ್ದು ಅಂತ ಕೇಳಿದವರು ಬಹಳ ಜನ. ಹೌದು, ಇಷ್ಟಕ್ಕೇ.

ಐದು ವರ್ಷ ಅಂತ ಸುಮ್ನೆ ಹೇಳಲಿಲ್ಲ. ಐದು ವರ್ಷ ತುಂಬಿದರೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಮಾಲೀಕರು ಕೊಡುವ ಇಡಿಗಂಟು, ಬರುತ್ತದೆ. ಗಾರ್ಮೆಂಟ್ಸ್‌ನಲ್ಲಿ ಎಷ್ಟೋ ಜನ ಹಾಗೇ ಮಾಡುತ್ತಾರೆ: ಐದು ವರ್ಷ ಒಂದು ಕಡೆ ದುಡಿದು, ರಾಜೀನಾಮೆ ಕೊಟ್ಟು, ಸೆಟ್ಲ್‌ಮೆಂಟ್ ತಗೊಂಡು, ಪಕ್ಕದ ಫ್ಯಾಕ್ಟರಿಗೆ ಹೊಸಬರಾಗಿ ಸೇರುವುದು. ಆ ದುಡ್ಡು ಗಿರವಿ ಇಟ್ಟ ಸರ ಬಿಡಿಸಲು, ಮಗಳ ಕಾಲೇಜಿಗೆ, ಮನೆಯ ಲೀಸಿಗೆ. ಸಂಬಳದಲ್ಲಿ ಉಳಿಸಲು ಏನೂ ಇರುವುದಿಲ್ಲವಲ್ಲ, ಅವರಿಗೆ ಗಂಟು ಅಂತ ಸಿಗುವುದು ಅದೊಂದೇ. ಇನ್ನು 58ರ ಮಾತು. ಬೆಳಿಗ್ಗೆಯಿಂದ ಸಂಜೆಯವರೆಗೆ ಮಷಿನ್ ಮುಂದೆ ಬಗ್ಗಿ, ಗಂಟೆಗಿಷ್ಟು ಪೀಸ್ ಅಂತ ಟಾರ್ಗೆಟ್ ಮುಟ್ಟಿಸುತ್ತಾ 58ರವರೆಗೆ ಟೈಲರ್ ಆಗಿ ಉಳಿದ ಹೆಂಗಸನ್ನು ನಾನಂತೂ ನೋಡಿಲ್ಲ.

ಈಗ ನನ್ನ ಮೈದುನನ ಕಥೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸ. 18ರಂದು ಹೊಸೂರು ರಸ್ತೆಯಲ್ಲಿ ನಾಲ್ಕು ಗಂಟೆ ಕ್ಯಾಬಿನಲ್ಲಿ ಸಿಕ್ಕಿಕೊಂಡಿದ್ದ. ರಾತ್ರಿ ಮನೆಗೆ ಬಂದವನೇ ಕೂಗಾಡಿದ. "ಅವರ ಕಷ್ಟ ಅವರಿಗೆ, ನಾವೇನು ಮಾಡಿದ್ವಿ ಅತ್ತಿಗೆ? ಕಾನೂನು ಇದೆ, ಅರ್ಜಿ ಕೊಡಲಿ, ಕೋರ್ಟಿಗೆ ಹೋಗಲಿ" ಅಂದ. ನಾನು ಆ ಮಾತನ್ನು ಹಾಗೇ ಎತ್ತಿ ನನ್ನ ಲೇಖನದ "ಇನ್ನು ಕೆಲವರು" ಮಾಡಿದೆ. ಮಧ್ಯಮ ವರ್ಗದ ಸ್ವಾರ್ಥ ಅಂತ ಒಂದು ಸಾಲನ್ನೂ ಸೇರಿಸಿದೆ. ಬರೆದಾಗ ಖುಷಿಯಾಗಿತ್ತು.

ನನಗೆ ಆಗ ಹೊಳೆಯದ ಸಂಗತಿ ಇದು. ಅದೇ ವರ್ಷದ ಫೆಬ್ರವರಿ 29ರ ಬಜೆಟ್‌ನಲ್ಲಿ ಹಣಕಾಸು ಸಚಿವ ಅರುಣ್ ಜೇಟ್ಲಿಯವರು ಪಿಎಫ್ ತೆಗೆಯುವಾಗ 60 ಪರ್ಸೆಂಟ್ ಭಾಗದ ಮೇಲೆ ತೆರಿಗೆ ಹಾಕುವ ಪ್ರಸ್ತಾಪ ಇಟ್ಟಿದ್ದರು. ಸಂಬಳದವರು ಸಿಡಿದೆದ್ದರು. ಟ್ವಿಟರ್ ತುಂಬ ಅದೇ ಗಲಾಟೆ. ಟಿವಿಯಲ್ಲಿ ಸಂಜೆಯೆಲ್ಲ ಅದೇ ಚರ್ಚೆ. ನನ್ನ ಮೈದುನ ಆನ್‌ಲೈನ್ ಅರ್ಜಿಗೆ ಸಹಿ ಹಾಕಿ, ನನ್ನಿಂದಲೂ ಹಾಕಿಸಿದ್ದ. ಮಾರ್ಚ್ 8ಕ್ಕೆ ಜೇಟ್ಲಿಯವರು ಲೋಕಸಭೆಯಲ್ಲೇ ಅದನ್ನು ಕೈಬಿಟ್ಟರು. ಎಂಟು ದಿನ. ಒಂದು ಬಸ್ಸೂ ನಿಲ್ಲಲಿಲ್ಲ.

ಆ 58 ವರ್ಷದ ನಿಯಮ ಬಂದಿದ್ದು ಅದಕ್ಕೂ ಮುಂಚೆ, ಫೆಬ್ರವರಿ 10ಕ್ಕೆ. ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಟ್ವಿಟರ್ ಇರಲಿಲ್ಲ, ಟಿವಿ ಸ್ಟುಡಿಯೋದಲ್ಲಿ ಕುರ್ಚಿ ಇರಲಿಲ್ಲ. ಅವರ ಕೈಯಲ್ಲಿದ್ದದ್ದು ಒಂದು ರಸ್ತೆ. ಏಪ್ರಿಲ್ 19ರಂದು ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅವರು ಮೊದಲು ಜುಲೈ 31ರವರೆಗೆ ತಡೆ ಎಂದರು, ಕೆಲವೇ ಗಂಟೆಗಳಲ್ಲಿ ಪೂರ್ತಿ ವಾಪಸ್ ಎಂದರು. ನನ್ನ ಮೈದುನನ ಪಿಎಫ್‌ಗೂ ಅದೇ ನಿಯಮ ಅನ್ವಯವಾಗುತ್ತಿತ್ತು, ನೋಡು. ಅವನು ಯಾರಿಗೆ ಬೈದನೋ, ಅವರು ಅವನ ದುಡ್ಡನ್ನೂ ಬಿಡಿಸಿಕೊಟ್ಟಿದ್ದರು. ಇದನ್ನು ಅವನಿಗೆ ಹೇಳಲು ನನಗೆ ಮೂರು ವರ್ಷ ಬೇಕಾಯಿತು. ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರೂ ಬಸ್ ಸುಟ್ಟಿದ್ದು ತಪ್ಪಲ್ವಾ?" ಅಂದ. ತಪ್ಪೇ. ನಾನೂ ಒಪ್ಪಿಕೊಂಡೆ. ಬೆಂಕಿ ಹಚ್ಚಿದವರು ನಮ್ಮವರಲ್ಲ, ಹೊರಗಿನವರು ಅಂತ ಕಾರ್ಮಿಕರು ಅಂದೇ ಹೇಳಿದ್ದರು. ಪೊಲೀಸರ ಲಾಠಿ ಬಿದ್ದದ್ದು ಮಾತ್ರ ಅವರ ಬೆನ್ನಿಗೆ. ನೀನು ಇಂಥದ್ದನ್ನು ಬರೆಯುವಾಗ "ಬಸ್ಸುಗಳು ಸುಟ್ಟವು" ಅಂತ ಬಿಟ್ಟುಬಿಡಬೇಡ. ಯಾರು ಸುಟ್ಟರು ಅಂತ ಯಾರು ಹೇಳುತ್ತಾರೆ ಎಂಬುದನ್ನೂ ಬರೆ. ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಅನ್ನು.

ಇನ್ನೊಂದು ಮಾತು ನೆನಪಾಯಿತು. ಪತ್ರಿಕೆಯವರ ಹಳೇ ಚಟ ಒಂದಿದೆ: "ಪ್ರತಿಭಟನೆ: ಸಾರ್ವಜನಿಕರ ಪರದಾಟ". ನಿನ್ನ ಲೇಖನದಲ್ಲೂ "ಸಾರ್ವಜನಿಕರಿಗೆ ತೊಂದರೆ" ಅಂತ ಇದೆ. ಮನೆಮನೆಗೆ ಹೋಗಿ ಬಸುರಿ ಬಾಣಂತಿಯರನ್ನು ನೋಡಿಕೊಳ್ಳುವ ಆಶಾ ಕಾರ್ಯಕರ್ತೆ ಫ್ರೀಡಂ ಪಾರ್ಕಿನಲ್ಲಿ ಕೂತ ತಕ್ಷಣ ಸಾರ್ವಜನಿಕರ ಲೆಕ್ಕದಿಂದ ಬಿಟ್ಟುಹೋದಳಾ? ಆ ಪದ ತೆಗೆದುಬಿಡು. ಯಾರಿಗೆ ಏನು ತೊಂದರೆ ಅಂತ ಬರೆ. ಆಂಬುಲೆನ್ಸ್ ನಿಂತಿತ್ತಾ? ಹೂವಿನವಳ ಹೂವು ಬಾಡಿತಾ? ದಿನಗೂಲಿಯವನ ಕೂಲಿ ಹೋಯಿತಾ? ಆ ನಷ್ಟ ನಿಜ, ಅದನ್ನು ಮುಚ್ಚಿಡಬೇಡ. ಅಂದಹಾಗೆ, ಈಗ ಬೆಂಗಳೂರಿನಲ್ಲಿ ಆ ತೊಂದರೆಯೂ ಕಮ್ಮಿ. 2021ರ ಪೊಲೀಸ್ ಆದೇಶದ ಮೇಲೆ ಧರಣಿ, ಮೆರವಣಿಗೆ ಎಲ್ಲ ಫ್ರೀಡಂ ಪಾರ್ಕಿಗೇ ಸೀಮಿತ. ಒಂದು ಕಾಲಕ್ಕೆ ಸೆಂಟ್ರಲ್ ಜೈಲಾಗಿದ್ದ ಜಾಗ ಅದು, ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನೆಲ್ಲ ಇಟ್ಟಿದ್ದು ಅಲ್ಲೇ. ಟ್ರಾಫಿಕ್‌ಗೆ ಒಳ್ಳೆಯದಾಯಿತು ಅನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಇನ್ನು ಮೇಲೆ ನನ್ನ ಮೈದುನನಿಗೆ ಧರಣಿ ಕೂರುವವರು ಕಣ್ಣಿಗೇ ಬೀಳುವುದಿಲ್ಲ. ಬೈಯುವುದಕ್ಕಾದರೂ ಅವರನ್ನು ನೋಡಬೇಕಲ್ಲ.

ನನ್ನ ಆ ಲೇಖನಕ್ಕೆ ಪೆಟ್ಟು ಕೊಟ್ಟವಳು ನಮ್ಮ ಬೀದಿಯ ಹೆಂಗಸು. ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಟೈಲರ್. ನಾನು "ಪಾಪದ ಹೆಣ್ಣುಮಕ್ಕಳು" ಅಂತ ಬರೆದಿದ್ದೆ. ಅವಳ ಮಗ ಓದಿ ಹೇಳಿದನಂತೆ. ಬಂದು ಕೇಳಿದಳು: "ಅಕ್ಕಾ, ಪಾಪ ಅಂದ್ರೆ ಏನು? ನಮ್ಮ ದುಡ್ಡು ನಾವು ಕೇಳಿದ್ವಿ." ಆಮೇಲೆ ತಾನೇ ಇನ್ನೊಂದು ತಕರಾರು ತೆಗೆದಳು. ಮುದುಕಿಯಾದಾಗ ಇರಲಿ ಅಂತ ಸರ್ಕಾರ ದುಡ್ಡು ಕಟ್ಟಿಹಾಕಿದ್ದು, ಅದೂ ಒಂಥರಾ ಸರಿಯೇ, ಅಂತ. ಮೊನ್ನೆ ಮತ್ತೆ ಸಿಕ್ಕಿದ್ದಳು. ಕಣ್ಣು ಮಂಜಾಗಿ ಕೆಲಸ ಬಿಟ್ಟಿದ್ದಾಳೆ. ಪಿಎಫ್ ಎಲ್ಲ ಎರಡು ಕಂತಿನಲ್ಲಿ ಮುಗಿದಿದೆ, ಒಂದು ಮಗಳ ಮದುವೆಗೆ, ಒಂದು ಗಂಡನ ಆಸ್ಪತ್ರೆಗೆ. "ಆ ರೂಲ್ಸ್ ಇದ್ದಿದ್ರೆ ಈಗ ಕೈಯಲ್ಲಿ ನಾಲ್ಕು ಕಾಸು ಇರ್ತಿತ್ತೇನೋ" ಅಂದಳು. ಹಾಗಾದರೆ ಅವತ್ತು ರೋಡಿಗೆ ಹೋಗಬಾರದಿತ್ತಾ ಅಂತ ಕೇಳಿದೆ. "ಹೋಗ್ಲೇಬೇಕಿತ್ತು. ಅವತ್ತು ಹೋಗ್ದಿದ್ರೆ ಗಂಡ ಉಳೀತಿರಲಿಲ್ಲ."

ನಿನ್ನ "ಕೆಲವರು, ಇನ್ನು ಕೆಲವರು" ಇವಳೊಬ್ಬಳೊಳಗೇ ಇದ್ದಾರೆ ತಮ್ಮ. ನನ್ನ ಮೈದುನನೊಳಗೂ ಇದ್ದರು, ನಾನು ಕೇಳಲಿಲ್ಲ ಅಷ್ಟೆ.

ಲೇಖನ ವಾಪಸ್ ಕಳಿಸಿದ್ದೇನೆ, ಪೆನ್ಸಿಲ್ ಗುರುತು ಜಾಸ್ತಿ ಇದೆ, ಬೇಜಾರು ಮಾಡಿಕೊಳ್ಳಬೇಡ. ಮೂರನೇ ಪುಟದಲ್ಲಿ ರಾತ್ರಿ ಹೊದಿಕೆ ಸಾಲದೆ ಇಬ್ಬರು ಒಂದೇ ಕಂಬಳಿ ಹೊದ್ದು ಕೂತಿದ್ದರು ಅಂತ ಬರೆದಿದ್ದೀಯಲ್ಲ, ಅವರಿಬ್ಬರ ಊರು ಬರೆದುಕೊಂಡಿದ್ದೀಯಾ? ಬರೆದುಕೊಂಡಿದ್ದರೆ ಹೋಗಿ ಮಾತಾಡಿಸಿಕೊಂಡು ಬಾ. ಅವರ ಮನೆಯವರನ್ನೂ ಮಾತಾಡಿಸು, ಧರಣಿಗೆ ಬೇಡ ಅಂದವರು ಅಲ್ಲೂ ಒಬ್ಬರಿದ್ದೇ ಇರುತ್ತಾರೆ. ಬಸ್ ಚಾರ್ಜಿಗೆ ಕಷ್ಟವಾದರೆ ಸಂಕೋಚಪಡದೆ ಹೇಳು.

ನಿನ್ನ
ಅಕ್ಕ