ಪಾರಿವಾಳಕ್ಕೆ ಗೂಬೆಯ ಬೊಂಬೆ ಸಾಲದು

ಮಾನ್ಯ ಸಂಪಾದಕರೇ,

ಹಾಸನದ ಮಹಡಿ ಮನೆಗಳಲ್ಲಿ ಪಾರಿವಾಳದ ಕಾಟಕ್ಕೆ ಹಳೇ ಸಿಡಿ, ಪ್ಲಾಸ್ಟಿಕ್ ಗೂಬೆ ನೇತುಹಾಕುವುದುಂಟು. ನಾಲ್ಕು ದಿನ ಹೆದರಿದ ಹಕ್ಕಿ ಐದನೆಯ ದಿನ ಗೂಬೆಯ ತಲೆ ಮೇಲೇ ಕೂರುತ್ತದೆ! ಕೆಲಸಕ್ಕೆ ಬರುವುದು ಬಲೆಯೇ. ಬಿಸಿಲು ತಾಳುವ ನೈಲಾನ್ ಬಲೆ ಇರಲಿ, ಕಣ್ಣು 50 ಮಿ.ಮೀ. ಮೀರದಿರಲಿ. ಅಂಚಿನುದ್ದಕ್ಕೂ ಅಡಿಗೊಂದು ಕೊಕ್ಕೆ ಹಾಕಿ ಬಿಗಿಯಬೇಕು. ಕೊಕ್ಕೆ ದೂರವಾದರೆ ಬಲೆ ಜೋತು, ಮೂಲೆಯ ಸಂದಿಯಲ್ಲಿ ನುಗ್ಗಿದ ಹಕ್ಕಿ ಹೊರಬರಲಾಗದೆ ಒಳಗೇ ಸಾಯುತ್ತದೆ. ಎ.ಸಿ. ಪೆಟ್ಟಿಗೆಯ ಹಿಂಬದಿಯನ್ನೂ ಮುಚ್ಚಿ. ಗೂಡಿನಲ್ಲಿ ಮೊಟ್ಟೆಯಿದ್ದರೆ ಮಾತ್ರ ತಾಳ್ಮೆ ಬೇಕು: ಮರಿಯಾಗಲು ಸುಮಾರು 18 ದಿನ, ಹಾರಲು ಮತ್ತೊಂದು ತಿಂಗಳು.

ಒಣಗಿದ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಲೇಬಾರದು. ಆ ದೂಳು ಶ್ವಾಸಕೋಶದಲ್ಲಿ ಅಲರ್ಜಿಯ ಉರಿಯೂತ, ಕೆಲವರಲ್ಲಿ ಶಿಲೀಂಧ್ರ ಸೋಂಕು ತರುತ್ತದೆ. ಎನ್-95 ಮಾಸ್ಕ್, ಕೈಗವಸು ಧರಿಸಿ, ನೀರು ಚಿಮುಕಿಸಿ ಚೆನ್ನಾಗಿ ನೆನೆಸಿ, ಕೆರೆದು ಚೀಲಕ್ಕೆ ಕಟ್ಟಬೇಕು. ಮುಂಗಾರಿಗೆ ಮೊದಲು ತಾರಸಿಯ ನೀರಿನ ಪೈಪ್ ಬಾಯಿಯನ್ನೂ ನೋಡಿ. ಗೂಡಿನ ಕಡ್ಡಿ, ಹಿಕ್ಕೆ ಸೇರಿ ಕಟ್ಟಿಕೊಂಡರೆ ಗೋಡೆ ಸೋರುವುದು ಖಂಡಿತ.

ಪುಣ್ಯವೆಂದು ದಿನವೂ ಕಾಳು ಚೆಲ್ಲುವವರು ಒಂದೆಡೆ, ಬಲೆ ಕಟ್ಟುವವರು ಇನ್ನೊಂದೆಡೆ. ಮೇವು ಸಿಗುವಷ್ಟು ದಿನ ಅವು ಮರಿ ಮಾಡುತ್ತಲೇ ಇರುತ್ತವೆ. ವೃತ್ತಗಳಲ್ಲಿ ಕಾಳು ಹಾಕುವುದನ್ನು ಸ್ಥಳೀಯ ಆಡಳಿತ ಮೊದಲು ತಡೆಯಲಿ.

– ಓದುಗರು, ಹಾಸನ