ನೂರನ್ನು ನಾನು ಬಿಟ್ಟಿದ್ದೆ, ಪುಟ್ಟಿ

ಪುಟ್ಟಿ,

ಧಾರವಾಡ ಮುಟ್ಟಿದೆ ಅಂತ ಅಮ್ಮನಿಗೆ ಫೋನ್ ಮಾಡಿದೆಯಂತೆ. ನನ್ನ ಸುದ್ದಿ ಎತ್ತಲಿಲ್ಲವಂತೆ. ಭಾನುವಾರ ರಾತ್ರಿ ಏನೇನಾಯ್ತು ಅಂತ ಮತ್ತೆ ಬರೆಯಲ್ಲ. ತಮ್ಮನ ಆ ಲೆಕ್ಕದ್ದು ಮಾತ್ರ ಬರೀತೀನಿ.

100ರಿಂದ 200ರವರೆಗೆ 4ರ ಅಪವರ್ತ್ಯಗಳು ಎಷ್ಟು? ನೀನು 26 ಅಂದೆ, ನಾನು 25. 200ನ್ನು ನಾಲ್ಕರಿಂದ ಭಾಗಿಸಿದರೆ 50, 100ನ್ನು ಭಾಗಿಸಿದರೆ 25, ಕಳೆದರೆ 25. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಮಗ್ಗಿಯಲ್ಲಿ ನನ್ನನ್ನು ಯಾರೂ ಸೋಲಿಸಿಲ್ಲ ನೋಡು. ಆಟೋ ಬಾಡಿಗೆ ಕಿಲೋಮೀಟರಿಗೆ 15 ಇದ್ದಾಗ 15ರ ಮಗ್ಗಿ, 2025ರ ಆಗಸ್ಟಿನಿಂದ 18ರ ಮಗ್ಗಿ. 36, 54, 72, 90, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳ್ತೀನಿ.

ಇವತ್ತು ಮೈಸೂರು ರಸ್ತೆಯಲ್ಲಿ ಗಿರಾಕಿಯೊಬ್ಬರು ಅರ್ಧ ಗಂಟೆ ಕಾಯಿಸಿದರು. ಮೆಟ್ರೋ ಕಂಬಗಳನ್ನು ನೋಡುತ್ತಾ ಕೂತಿದ್ದೆ. ಎದುರಿನ ಕಂಬದ ನಂಬರಿನ ಮೇಲೆ ಯಾವುದೋ ಪೋಸ್ಟರ್ ಮೆತ್ತಿದ್ದರು. ಅದನ್ನು ನಾನೇ 20 ಅಂತ ಇಟ್ಟುಕೊಂಡು ನಾಲ್ಕಕ್ಕೊಂದರಂತೆ 40ರವರೆಗೆ ಫುಟ್‌ಪಾತಲ್ಲಿ ಎಣಿಸಿಕೊಂಡು ಹೋದೆ. ನನ್ನ ಲೆಕ್ಕದಲ್ಲಿ 10ರಲ್ಲಿ 5 ಕಳೆದು ಐದೇ ಬರಬೇಕು. ಬಂದದ್ದು 20, 24, 28, 32, 36, 40. ಆರು. ವಾಪಸ್ ಬರುವಾಗ ಮತ್ತೆ ಎಣಿಸಿದೆ. ಆರೇ. ಹೊರಟ ಕಂಬವನ್ನೇ ನಾನು ಕಳೆದುಬಿಟ್ಟಿದ್ದೆ. 100ಕ್ಕಿಂತ ಮುಂಚಿನವು 24. ಅಷ್ಟನ್ನು ಮಾತ್ರ 50ರಲ್ಲಿ ಕಳೀಬೇಕಿತ್ತು. 26. ನೀನು ಹೇಳಿದ್ದು ಸರಿ.

"ಅಪ್ಪಾ, ನೂರೂ ಸೇರುತ್ತೆ" ಅಂತ ಒಂದೇ ಸಲ ಹೇಳಿದೆ. ನಾನು ದನಿ ಏರಿಸಿದೆ, ನೀನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ನಾಲ್ಕು ದಿನದಿಂದ ನನ್ನ ತಲೆ ತಿನ್ನುತ್ತಿರೋದು ಅದೇ. ತಪ್ಪು ನನ್ನದು, ಕೂಗಿದ್ದೂ ನಾನು, ಸುಮ್ಮನಾದವಳು ನೀನು. ನಾಳೆ ಅಲ್ಲಿ ಮೇಷ್ಟ್ರೊಬ್ಬರು ಗದರಿದರೂ ಹೀಗೇ ಸುಮ್ಮನಾಗ್ತೀಯಾ? ಹಾಸ್ಟೆಲಲ್ಲಿ ಯಾರೋ ಗಟ್ಟಿ ದನಿಯವಳು ಎದುರಾದರೆ? ಆ ಅಭ್ಯಾಸ ನಾನೇ ಮಾಡಿಸಿಬಿಟ್ಟೆನೇನೋ ಅನ್ನೋ ಭಯ. ಸರಿ ಇದ್ದಾಗ ಇನ್ನೊಂದು ಸಲ ಹೇಳಬೇಕು ಮಗಳೇ. ಕೇಳದಿದ್ದರೆ ಬರೆದು ತೋರಿಸಬೇಕು. 100, 104, 108 ಅಂತ ಒಂದೊಂದೇ ಬರೆದಿದ್ದರೆ ನಾನು ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಸೂತ್ರ ನೆಚ್ಚಿಕೊಂಡು ಕೂರಬೇಡ, ಸಣ್ಣ ಸಂಖ್ಯೆ ಹಾಕಿ ಬೆರಳಲ್ಲಿ ಎಣಿಸಿ ನೋಡು. ರಾತ್ರಿ ಊಟ ಬಿಡಬೇಡ. ದುಡ್ಡು ಬೇಕಾದರೆ ಬಾಯಿ ಬಿಟ್ಟು ಕೇಳು. ನೋಡು, ಮತ್ತೆ ಉಪದೇಶ ಶುರುವಾಯ್ತು.

ಹೋದ ವರ್ಷ ಸ್ಟ್ಯಾಂಡಿಗೆ ಊಟ ತಂದಾಗ ಬುತ್ತಿಯ ಪೇಪರ್ ಮೇಲೆ ಬರೆದು ತೋರಿಸಿದ್ದೆಯಲ್ಲ? ನೂರರೊಳಗೆ 3ರಿಂದಲೋ 4ರಿಂದಲೋ ಭಾಗವಾಗುವ ಸಂಖ್ಯೆಗಳು ಎಷ್ಟು ಅಂತ. 3ರ ಅಪವರ್ತ್ಯ 33, 4ರದ್ದು 25, ಕೂಡಿದರೆ 58. ಆದರೆ 12, 24, 36 ಹೀಗೆ ಎಂಟು ಸಂಖ್ಯೆ ಎರಡೂ ಕಡೆ ಎಣಿಕೆಯಾಗಿವೆ, ಅದಕ್ಕೆ 50 ಅಂದೆ. ನೀನು ಹೋದಮೇಲೆ ಸ್ಟ್ಯಾಂಡಲ್ಲಿದ್ದವರಿಗೆಲ್ಲ ಆ ಪೇಪರ್ ತೋರಿಸಿದ್ದೆ. ನಿನಗೆ ಹೇಳಿರಲಿಲ್ಲ.

ತಮ್ಮನ ನೋಟ್‌ಬುಕ್ಕಲ್ಲಿ 25 ಅಂತ ಪೆನ್ನಲ್ಲಿ ಬರೆಸಿದ್ದೆ. ಹೊಡೆದುಹಾಕಿ ಪಕ್ಕದಲ್ಲಿ 26 ಅಂತ ನಾನೇ ಬರೆದಿದ್ದೀನಿ. ಯಾರು ಹೇಳಿದ್ದು ಅಂತ ಕೇಳಿದ, ಅಕ್ಕ ಅಂದೆ.

ಭಾನುವಾರ ಫೋನ್ ಮಾಡ್ತೀನಿ. ಎತ್ತು.

ನಿನ್ನ ಅಪ್ಪ