ತಕ್ಕಡಿ ಪಕ್ಕದಲ್ಲಿ ಟೇಪೂ ಇರಲಿ

ಮಾನ್ಯ ಸಂಪಾದಕರೇ,

ಮಂಡ್ಯದ ನಮ್ಮ ಬಡಾವಣೆಯಲ್ಲಿ ಈಚೆಗೆ ಉಚಿತ ಆರೋಗ್ಯ ತಪಾಸಣೆ ಶಿಬಿರ ನಡೆಯಿತು. ತೂಕ, ಎತ್ತರ ನೋಡಿ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯೇ ಅಂತ ಹೇಳುವ ಅಂಕಿ, ಎಷ್ಟು ಅಂತ ಚೀಟಿ ಬರೆದುಕೊಟ್ಟರು. ಬಿಎಂಐ 22 ಬಂದವರೆಲ್ಲ ನಾರ್ಮಲ್ ಅನ್ನಿಸಿಕೊಂಡು ಖುಷಿಯಾಗಿ ಮನೆಗೆ ಹೋದರು. ಅವರಲ್ಲಿ ನನ್ನ ಗಿರಾಕಿಗಳೂ ಇದ್ದರು. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಇವರ ಶರ್ಟಿಗೆ ಎದೆಗಿಂತ ಹೊಟ್ಟೆಯ ಹತ್ತಿರವೇ ಜಾಸ್ತಿ ಬಟ್ಟೆ ಬಿಡಬೇಕು. ಟೈಲರಿಗೆ ಕಾಣುವುದು ತಕ್ಕಡಿಗೆ ಕಾಣುವುದಿಲ್ಲ ನೋಡಿ.

ಬಿಎಂಐ ಲೆಕ್ಕ 1830ರ ದಶಕದ್ದು. ಅದನ್ನು ಕೊಟ್ಟ ಬೆಲ್ಜಿಯಂನ ಕೆಟ್ಲೆ ವೈದ್ಯರಲ್ಲ, ಗಣಿತದವರು. ಕೊಬ್ಬು ಎಷ್ಟು, ಎಲ್ಲಿದೆ ಅಂತ ಆ ಲೆಕ್ಕ ಹೇಳುವುದಿಲ್ಲ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ತಮ್ಮಿಬ್ಬರದ್ದೇ ಫೋಟೊ ಹಾಕಿ ಇದನ್ನು ತೋರಿಸಿದರು. ಇಬ್ಬರ ಬಿಎಂಐಯೂ 22.3. ಮೈಯಲ್ಲಿನ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ನಮ್ಮವರಿಗೆ ಶೇ 21.2! ಸಕ್ಕರೆ ಕಾಯಿಲೆಗೆ, ಹೃದಯದ ತೊಂದರೆಗೆ ಹೆಚ್ಚು ದಾರಿ ಮಾಡುವುದು ತೊಡೆಯ ಕೊಬ್ಬಲ್ಲ, ಹೊಟ್ಟೆಯೊಳಗೆ ಸೇರಿಕೊಂಡ ಕೊಬ್ಬು.

ನಮ್ಮ ದೇಶದವರಿಗೆ ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ದಾಟಬಾರದು. ನಮ್ಮ ಅಂಗಡಿ ಲೆಕ್ಕದಲ್ಲಿ ಸುಮಾರು ಮೂವತ್ತೈದೂವರೆ, ಮೂವತ್ತೊಂದೂವರೆ ಇಂಚು. ಇನ್ನೂ ಸುಲಭ ಬೇಕಾ? ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ.

ಇದಕ್ಕೆ ‘ನನ್ನ ಪ್ಯಾಂಟು 34’ ಅನ್ನುವ ಉತ್ತರ ಸಾಲದು. ಪ್ಯಾಂಟನ್ನು ಹೊಟ್ಟೆಯ ಕೆಳಗೆ ಇಳಿಸಿ ಕಟ್ಟುವವರಿಗೆ ಇಪ್ಪತ್ತು ವರ್ಷ ಆದರೂ ಅದೇ 34. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಬಟ್ಟೆ ಸರಿಸಿ, ಉಸಿರು ಬಿಟ್ಟಾಗ ಅಳೆಯಬೇಕು. ಟೇಪು ಸುತ್ತಿದ ಕೂಡಲೇ ಹೊಟ್ಟೆ ಒಳಗೆಳೆದುಕೊಳ್ಳುವವರೇ ಜಾಸ್ತಿ. ನಾನು ಮಳೆ, ಬೆಳೆ, ನಾಲೆ ನೀರು ಅಂತ ಮಾತಿಗೆಳೆದು ಆಮೇಲೆ ಅಳತೆ ಬರೆದುಕೊಳ್ಳುತ್ತೇನೆ.

ಕುತ್ತಿಗೆ, ಸೊಂಟ, ಎತ್ತರದಿಂದ ಶೇಕಡಾವಾರು ಕೊಬ್ಬನ್ನೇ ಹೇಳುವ ಲೆಕ್ಕವೂ ಇದೆ. ಅಮೆರಿಕದ ನೌಕಾಪಡೆಯದು. ಹೆಂಗಸರಿಗೆ ಅದರಲ್ಲಿ ಹಿಂಭಾಗದ ಸುತ್ತಳತೆಯೂ ಸೇರುತ್ತದೆ. ಅದು ಬರೀ ಅಂದಾಜು, ಮೊಬೈಲಿನಲ್ಲಿ ದಿನಾ ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಟೇಪು ರಕ್ತ ಪರೀಕ್ಷೆಯ ಬದಲಿಗೆ ಬರುವುದಿಲ್ಲ, ಯಾರು ಪರೀಕ್ಷೆ ಮಾಡಿಸಲೇಬೇಕು ಅಂತ ತೋರಿಸುತ್ತದೆ ಅಷ್ಟೇ.

ಇದೇನು ಹೊಸ ಬೇಡಿಕೆಯೂ ಅಲ್ಲ. ಮೂವತ್ತು ದಾಟಿದವರ ಮನೆಗೆ ಆಶಾ ಕಾರ್ಯಕರ್ತೆಯರು ತರುವ ಸರ್ಕಾರಿ ಫಾರಂನಲ್ಲೇ ಸೊಂಟದ ಅಳತೆ ಕೇಳುತ್ತಾರೆ. ಶಿಬಿರ ನಡೆಸುವ ಸಂಘ ಸಂಸ್ಥೆಗಳಿಗೆ ಮಾತ್ರ ಯಾಕೆ ಹೊಳೆಯುವುದಿಲ್ಲವೋ! ಮುಂದಿನ ಸಲ ಚೀಟಿಯಲ್ಲಿ ಸೊಂಟಕ್ಕೂ ಒಂದು ಸಾಲು ಇರಲಿ. ಹೆಂಗಸರಿಗೆ ಪರದೆ ಹಾಕಿ, ಅಳೆಯಲು ಹೆಂಗಸರನ್ನೇ ಇಡಿ. ಗಂಡಸರ ಕಡೆಗೆ ಆಳು ಸಾಲದಿದ್ದರೆ ಭಾನುವಾರ ನಮ್ಮ ಅಂಗಡಿಗೆ ರಜೆ, ಟೇಪು ಹಿಡಿದು ನಾನೇ ಬರುತ್ತೇನೆ.

– ಒಬ್ಬ ಟೈಲರ್, ಮಂಡ್ಯ